ಬುದ್ಧನ ಚಿತ್ರಗಳ ಹಿಂದೆ ಮುಚ್ಚಿಟ್ಟ ಕಾಯಿಲೆ

ನನಗೆ ಕ್ಯಾನ್ಸರ್ ಇತ್ತು ಎಂದು ನನಗೆ ಗೊತ್ತಾದದ್ದು ಅದಕ್ಕೆ ಕೊಡಬೇಕಾದ ಔಷಧಿಯನ್ನೆಲ್ಲ ಕೊಟ್ಟು ಮುಗಿಸಿದ ಮೇಲೆ. ಅಷ್ಟರಲ್ಲಿ ನನ್ನ ಗಂಡನಿಗೆ ಗೊತ್ತಿತ್ತು, ಮಗಳಿಗೆ ಗೊತ್ತಿತ್ತು, ಕಾರಿಮಂಗಲಂನ ಅಕ್ಕನಿಗೆ ಗೊತ್ತಿತ್ತು, ನಮಗೆ ನೂಲು ಕೊಡುವ ಮೇಸ್ತ್ರಿಗೂ ಗೊತ್ತಿತ್ತು. ಬೀದಿಗೆ ಹಾಲು ಹಾಕುವವನಿಗೆ ಗೊತ್ತಿತ್ತೋ ಇಲ್ಲವೋ ಕೇಳಿಲ್ಲ. ಗೊತ್ತಿತ್ತು ಎಂದುಬಿಟ್ಟರೆ ಎಂಬ ಭಯ. ಕಾಯಿಲೆ ಇದ್ದದ್ದು ನನ್ನ ಗಂಟಲಿನಲ್ಲಿ, ಸುದ್ದಿ ಮಾತ್ರ ನನ್ನನ್ನು ಬಿಟ್ಟು ಊರೆಲ್ಲ ಸುತ್ತಿ ಬಂದಿತ್ತು.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ ಕಾರಣ ಇದೆ. ನಾವು ಸೇಲಂನಲ್ಲಿ ತಲೆಮಾರುಗಳಿಂದ ಇರುವ ಕನ್ನಡ ಮಾತಿನ ನೇಕಾರರು. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು. ನನ್ನ ತಾಯಿ ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಬಂದವಳು. ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ನನಗೆ ಅಕ್ಷರ ತಿದ್ದಿಸಿದಳು. ಈಗ ನಮ್ಮ ಮನೆಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ. ತಮಿಳಿನಲ್ಲಿ ಬರೆದರೆ ನಮ್ಮ ಯಜಮಾನರು ಓದಿ ಅಳುತ್ತಾರೆ, ಆಮೇಲೆ ನಾನು ಕೂತು ಅವರನ್ನು ಸಮಾಧಾನ ಮಾಡಬೇಕಾಗುತ್ತದೆ. ಆ ಕೆಲಸ ಸಾಕಷ್ಟು ಮಾಡಿದ್ದೇನೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಜೊತೆಗೆ ಬಂದವರು ಇವತ್ತು ಯಾಕೆ ಇಷ್ಟೊಂದು ನಗುಮುಖ ಮಾಡಿಕೊಂಡಿದ್ದಾರೆ ಎಂದು ಯೋಚಿಸುತ್ತಿರುವವರು ಯಾರಾದರೂ ಇದ್ದರೆ ಅವರಿಗಾಗಿ ಬರೆಯುತ್ತಿದ್ದೇನೆ.

ನಾನು ರೇಷ್ಮೆ ಪಂಚೆ ನೇಯುವವಳು. ನಮ್ಮದು ಗುಂಡಿ ಮಗ್ಗ. ಎಂದರೆ ಮಗ್ಗ ನೆಲದ ಮಟ್ಟದಲ್ಲಿರುತ್ತದೆ, ನೇಯುವವರು ನೆಲದಲ್ಲಿ ತೋಡಿದ ಗುಂಡಿಯ ಅಂಚಿಗೆ ಕೂತು ಕಾಲು ಒಳಗೆ ಇಳಿಬಿಟ್ಟು ಹಲಗೆ ತುಳಿಯಬೇಕು. ಆ ಗುಂಡಿ ನಮ್ಮ ಅತ್ತೆಯದು. ಅವರು ತೀರಿಕೊಂಡ ಮೇಲೆ ನಾನು ಕೂತೆ. ನಮ್ಮ ಯಜಮಾನರಿಗೆ ಮಗ್ಗ ಹಿಡಿಸಲಿಲ್ಲ, ಪಕ್ಕದ ಬೀದಿಯಲ್ಲಿ ಬೆಳ್ಳಿ ಕಾಲುಗೆಜ್ಜೆ ಮಾಡುವ ಅಂಗಡಿಗೆ ಹೋಗುತ್ತಾರೆ. ಮಗಳು ನಂದಿನಿ ಕಾಲೇಜಿನಲ್ಲಿ ಓದುತ್ತಾಳೆ.

ಗಡ್ಡೆಯನ್ನು ಮೊದಲು ಕಂಡವಳು ನಂದಿನಿ. ನಾನು ತಲೆ ಎತ್ತಿ ಚೊಂಬಿನಿಂದ ನೀರು ಕುಡಿಯುತ್ತಿದ್ದೆ. "ಅಮ್ಮಾ, ನಿನ್ ಕತ್ನಾಗೆ ಏನೋ ಮ್ಯಾಲ್ಕ್ ಕೆಳೀಕ್ ಓಡಾಡ್ತೈತೆ" ಎಂದಳು. ಕನ್ನಡಿ ನೋಡಿದೆ. ಗೋಲಿಯಂತೆ ಒಂದು ಉಬ್ಬು. ನೋವಿಲ್ಲ, ಏನಿಲ್ಲ. ಮಗ್ಗಕ್ಕೆ ಬಿಗಿದ ಹಾಸುನೂಲು ನೇಯ್ದು ಮುಗಿಯಲಿ, ಆಮೇಲೆ ನೋಡೋಣ ಎಂದೆ. ಅವಳು ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಸೂಜಿ ಹಾಕಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶದ ದಿನ ನಾನೂ ಯಜಮಾನರೂ ಹೋದೆವು. ನರ್ಸ್ ಹೊರಗೆ ಬಂದು ನನ್ನ ಹೆಸರು ಕೂಗಿದಳು, ನಾನು ಎದ್ದೆ. "ನೀವು ಕೂತ್ಕೊಳ್ಳಿ ಅಮ್ಮಾ, ಜೊತೆಗೆ ಬಂದವರು ಒಳಗೆ ಬರಲಿ" ಎಂದಳು. ನನ್ನ ಹೆಸರು ಕೂಗಿ ಅವರನ್ನು ಒಳಗೆ ಕರೆದದ್ದು ಆಗ ನನಗೆ ವಿಚಿತ್ರ ಅನ್ನಿಸಲಿಲ್ಲ. ನಮ್ಮ ಕಡೆ ಹಾಗೇ. ಹೆಂಗಸರ ಕಾಯಿಲೆಯನ್ನು ಗಂಡಸರಿಗೆ ಹೇಳುತ್ತಾರೆ, ವಯಸ್ಸಾದವರ ಕಾಯಿಲೆಯನ್ನು ಮಕ್ಕಳಿಗೆ ಹೇಳುತ್ತಾರೆ. ಕಾಯಿಲೆಯವರ ಕೈಗೆ ಚೀಟಿ ಮಾತ್ರ ಕೊಡುತ್ತಾರೆ.

ಅವರು ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದರು. ಅಂಗಿಯ ಕಾಲರು ಒದ್ದೆಯಾಗಿತ್ತು.

"ಏನಂದ್ರು?" ಎಂದೆ.

"ಏನೂ ಇಲ್ಲ ಬಾ. ಬರೀ ಥೈರಾಯ್ಡ್ ಗಡ್ಡೆ ಐತಂತೆ. ತೆಗ್ದ್‌ಬುಟ್ರೆ ಸರಿಯಾಗೋಯ್ತದೆ."

ಬಸ್ ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ನನಗೆ ಮಲ್ಲಿಗೆ ಕೊಡಿಸಿದರು. ಮದುವೆಯಾದ ಹೊಸದರಲ್ಲೂ ಬೀದಿಯಲ್ಲಿ ನಿಂತು ಹೂ ಕೊಡಿಸಿದವರಲ್ಲ. ನಾನು ನಾಚಿಕೊಂಡೆ. ಬಸ್ಸಿನಲ್ಲಿ ಕೂತು ಪದೇ ಪದೇ ಹೂ ಮುಟ್ಟಿ ನೋಡಿಕೊಂಡೆ. ಅವತ್ತಿನ ನನ್ನ ಸಂತೋಷ ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಆಪರೇಷನ್ ಆಯಿತು. ಕತ್ತಿನಲ್ಲಿ ಅಡ್ಡಕ್ಕೆ ಹೊಲಿಗೆ. ಎಚ್ಚರವಾದಾಗ ನೀರು ಕೇಳಲು ಬಾಯಿ ತೆರೆದೆ, ಗಾಳಿ ಮಾತ್ರ ಬಂತು. ಗಂಟಲಿನ ನರಕ್ಕೆ ಸ್ವಲ್ಪ ಪೆಟ್ಟಾಗಿದೆ, ದನಿ ನಿಧಾನವಾಗಿ ಬರುತ್ತದೆ ಎಂದರು. ನಮ್ಮ ಬೀದಿಯಲ್ಲಿ ನಾನು ದೊಡ್ಡ ಬಾಯಿಯವಳು ಎಂದೇ ಹೆಸರು. ಮೂರು ಮಗ್ಗಗಳ ಸದ್ದಿನ ಮೇಲೆ ಆ ತುದಿಯವರನ್ನು ಈ ತುದಿಯಿಂದ ಕರೆಯುತ್ತಿದ್ದವಳು. ಈಗ ಪಿಸುಮಾತು, ಅದೂ ಎರಡು ಮಾತಿಗೆ ಸುಸ್ತು. ಕೇಳಬೇಕಾದದ್ದು ಬಹಳ ಇತ್ತು. ಒಂದು ಪ್ರಶ್ನೆ ಗಂಟಲಿನಿಂದ ಎತ್ತುವಷ್ಟರಲ್ಲಿ ಎದುರಿಗಿದ್ದವರು ತಲೆ ಸವರಿ ಎದ್ದು ಹೋಗಿರುತ್ತಿದ್ದರು. ನನ್ನ ದನಿ ಹೋದದ್ದು ಆ ದಿನಗಳಲ್ಲಿ ಎಲ್ಲರಿಗೂ ಅನುಕೂಲವಾಯಿತು ಎಂದು ಈಗ ಅನ್ನಿಸುತ್ತದೆ.

ಮನೆಗೆ ಬಂದ ಮೇಲೆ ನಂದಿನಿ ನನ್ನ ಫೋನ್ ತೆಗೆದುಕೊಂಡು ಬೇರೆ ಒಂದನ್ನು ಕೈಗಿಟ್ಟಳು. "ನಿನ್ದು ಸ್ಲೋ ಆಗೋಗೈತೆ ಅಮ್ಮಾ. ಇದ್ನ ಇಟ್ಕೊ, ಮಲ್ಕೊಂಡ್ ನೋಡ್ತಿರು" ಎಂದಳು. ಅದರಲ್ಲಿ ನನ್ನ ಧಾರಾವಾಹಿಗಳು ಬರುತ್ತಿರಲಿಲ್ಲ. ಮಗ್ಗಿ ಪಾಠ, ಪ್ರಾಣಿಗಳು, ಮಕ್ಕಳ ಹಾಡು ಬರುತ್ತಿದ್ದವು. ಥೈರಾಯ್ಡ್ ಗಡ್ಡೆ ಎಂದು ತಮಿಳಿನಲ್ಲಿ ಒತ್ತಿದೆ, ಏನೂ ಬರಲಿಲ್ಲ. ಗಂಟಲು ಎಂದು ಒತ್ತಿದೆ, ಕರಡಿಮರಿ ಹಲ್ಲುಜ್ಜುವ ಹಾಡು ಬಂತು. ನೆಟ್ ವೀಕ್ ಇದೆ ಎಂದಳು ನಂದಿನಿ. ಇರಬಹುದು ಎಂದುಕೊಂಡೆ.

ಆ ಹಾಡುಗಳ ನಡುವೆ ಒಂದು ದಿನ ಕಲ್ಲಿನಲ್ಲಿ ಕೆತ್ತಿದ ಒಂದು ಮರ ಕಾಣಿಸಿತು. ಮರದ ಕೆಳಗೆ ಖಾಲಿ ಪೀಠ. ಸುತ್ತ ಜನ ಆ ಪೀಠಕ್ಕೆ ಕೈ ಮುಗಿದು ಕೂತಿದ್ದಾರೆ. ಒಬ್ಬ ಟೀಚರಮ್ಮನ ದನಿ, ತಮಿಳಿನಲ್ಲಿ, ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತಿತ್ತು: ಬಹಳ ಹಿಂದೆ ಶಿಲ್ಪಿಗಳು ಬುದ್ಧನ ಕಥೆಯನ್ನು ಕೆತ್ತುವಾಗ ಬುದ್ಧನನ್ನು ಮಾತ್ರ ಕೆತ್ತುತ್ತಿರಲಿಲ್ಲ. ಅವನು ಇರುವ ಜಾಗದಲ್ಲಿ ಒಂದು ಪೀಠ, ಇಲ್ಲವೇ ಒಂದು ಜೊತೆ ಪಾದದ ಗುರುತು, ಇಲ್ಲವೇ ಒಂದು ಛತ್ರಿ. ಸುತ್ತ ಇರುವವರ ಮುಖ ನೋಡಿ ನಡುವೆ ಯಾರಿದ್ದಾರೆ ಎಂದು ನಾವು ತಿಳಿದುಕೊಳ್ಳಬೇಕು.

ನಾನು ಅದನ್ನು ಮತ್ತೆ ಮತ್ತೆ ನೋಡಿದೆ. ಟೀಚರಮ್ಮನ ಮುಖ ಎಲ್ಲೂ ಬರುವುದಿಲ್ಲ. ದನಿ ಇಲ್ಲದ ನನಗೆ ದನಿ ಮಾತ್ರ ಇರುವ ಅವರು ಹಿಡಿಸಿಬಿಟ್ಟರು. ಬುದ್ಧನ ಪಾಠಗಳಾದ ಮೇಲೆ ಚೀನಾದ ಪಾಠಗಳು. ಮರಳುಗಾಡಿನ ನಡುವೆ ಗುಹೆಗಳು, ಒಳಗೆ ಗೋಡೆ ತುಂಬ ಬಣ್ಣ. ಅಲ್ಲಿನ ಬಂಡೆ ಪುಡಿಪುಡಿ, ಕೆತ್ತಲು ಬರುವುದಿಲ್ಲ. ಅದಕ್ಕೇ ಮರ, ಹುಲ್ಲು ಕಟ್ಟಿ ಮಣ್ಣು ಮೆತ್ತಿ ಬುದ್ಧರನ್ನು ಮಾಡಿದ್ದಾರೆ. ನಮ್ಮ ಕಡೆಯಿಂದ ಗಂಡಸಾಗಿ ಹೊರಟ ಒಬ್ಬ ಬೋಧಿಸತ್ವ ಅಲ್ಲಿಗೆ ಹೋಗಿ ಕಾಲಕ್ರಮದಲ್ಲಿ ಹೆಂಗಸಾಗಿದ್ದಾನೆ, ಬಿಳಿ ಬಟ್ಟೆ ಉಟ್ಟು ಕೈಯಲ್ಲಿ ನೀರಿನ ಗಿಂಡಿ ಹಿಡಿದಿದ್ದಾಳೆ. ರೇಷ್ಮೆಯ ಮೇಲೆ ಬರೆದ ದೊಡ್ಡ ಚಿತ್ರಗಳನ್ನು ಹತ್ತಿರದಿಂದ ತೋರಿಸಿದಾಗ ನನ್ನ ಕಣ್ಣು ಹೋದದ್ದು ಹೊಲಿಗೆಯ ಕಡೆಗೆ. ಮಗ್ಗದ ಅಗಲ ಸಾಲದೆ ಪಟ್ಟಿಗಳನ್ನು ಪಕ್ಕಪಕ್ಕ ಸೇರಿಸಿದ್ದಾರೆ. ದೇವಿಯ ಭುಜದ ಮೇಲೆ ಸರಿಯಾಗಿ ಒಂದು ಜೋಡಣೆ. ಅದನ್ನು ಯಾರು ನೇಯ್ದರೋ ಎಂದು ಯೋಚಿಸುತ್ತಾ ಮಧ್ಯಾಹ್ನಗಳು ಹೋದವು.

ಉದ್ದನೆಯ ಸುರುಳಿ ಚಿತ್ರಗಳ ಪಾಠ ನನಗೆ ಎಲ್ಲಕ್ಕಿಂತ ಇಷ್ಟ. ಅವನ್ನು ಗೋಡೆಗೆ ತೂಗುಹಾಕುವುದಿಲ್ಲ. ಎಡಗೈಯಿಂದ ಒಂದು ತೋಳಿನಷ್ಟು ಬಿಚ್ಚಿ ನೋಡಿ, ಬಲಗೈಯಿಂದ ಸುತ್ತಿ, ಮುಂದಿನಷ್ಟು ಬಿಚ್ಚಬೇಕು. ನದಿ, ಸೇತುವೆ, ಕತ್ತೆಯ ಮೇಲೆ ಕೂತ ಒಬ್ಬ, ಮಂಜು. ಯಾವಾಗಲೂ ಕಣ್ಣಮುಂದೆ ಇರುವುದು ಅಷ್ಟೇ. ನಾನು ಜೀವಮಾನವೆಲ್ಲ ಬಟ್ಟೆ ನೋಡಿರುವುದು ಹಾಗೇ. ನೇಯ್ದದ್ದು ಮಡಿಲ ಮುಂದಿನ ಮರಕ್ಕೆ ಸುತ್ತಿಕೊಳ್ಳುತ್ತದೆ, ನೇಯಬೇಕಾದದ್ದು ಆ ಕಡೆ ಇರುತ್ತದೆ. ನಂದಿನಿ ಕಾಲೇಜಿನಿಂದ ಬಂದ ಕೂಡಲೇ ಅವಳನ್ನು ಕೂರಿಸಿಕೊಂಡು ಪಿಸುದನಿಯಲ್ಲಿ ಇದನ್ನೆಲ್ಲ ಹೇಳುತ್ತಿದ್ದೆ. ಅವಳು ನನ್ನ ಕಾಲು ಒತ್ತುತ್ತಾ ಹೂಂ ಹೂಂ ಎನ್ನುತ್ತಿದ್ದಳು.

ಯಜಮಾನರು ಹರಕೆ ಹೊತ್ತಿದ್ದರು. ಹೊಲಿಗೆ ಒಣಗಿದ ಮೇಲೆ ನಮ್ಮ ಊರಿನ ಮುನಿಯಪ್ಪನ ಗುಡಿಗೆ ಕರೆದುಕೊಂಡು ಹೋದರು. ಚಿಕ್ಕಂದಿನಿಂದ ನೋಡಿದ ಕಲ್ಲಿನ ದೇವರು. ಅವತ್ತು ಮಾತ್ರ ಕಾಲು ಮಡಚಿದ ರೀತಿ ಕಂಡಿತು, ಮಡಿಲಲ್ಲಿ ಒಂದರ ಮೇಲೊಂದು ಇಟ್ಟ ಕೈ ಕಂಡಿತು. ಎಷ್ಟೋ ಪಾಠಗಳಲ್ಲಿ ನೋಡಿದ ಕೈ. ನಾನು ಅವರ ತೋಳು ಹಿಡಿದು, "ಇದು ಮುನಿಯಪ್ಪ ಅಲ್ಲ, ಬುದ್ಧ" ಎಂದೆ.

"ಅಂಗೂ ಅಂತಾರೆ. ಯಾರಾನ ಇರ್ಲಿ, ಕೈ ಮುಗಿ" ಎಂದರು.

"ಗೊತ್ತಿದ್ದೂ ಬೇರೆ ಹೆಸರಲ್ಲಿ ಕರೀತಾರಾ?"

ಅವರು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನಿಂತರು. ಇಷ್ಟು ಭಕ್ತಿ ಯಾವಾಗ ಬಂತು ಎಂದು ಮನಸ್ಸಿನಲ್ಲೇ ನಕ್ಕೆ.

ಆಪರೇಷನ್ ಸಾಲದು, ಉಳಿದ ಚೂರುಪಾರು ಸುಡುವುದಕ್ಕೆ ಒಂದು ಔಷಧಿ ಕುಡಿಯಬೇಕು, ಅದು ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ ಸಿಗುತ್ತದೆ ಎಂದರು. ಅಲ್ಲಿಗೆ ಮೊದಲ ಸಲ ಹೋದಾಗ ಯಜಮಾನರು ನನ್ನನ್ನು ಕ್ಯಾಂಟೀನಿನ ಪಕ್ಕದ ಹಿಂಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದರು. ಎರಡನೆಯ ಸಲವೂ ಹಾಗೇ. ಮುಂದೆ ಬಿಸಿಲು, ಇಲ್ಲಿ ನೆರಳಿದೆ ಎಂದರು. ಮುಂಬಾಗಿಲಿನ ಮೇಲೆ ತಮಿಳಿನಲ್ಲಿ ದೊಡ್ಡಕ್ಷರದಲ್ಲಿ ಆ ಕಾಯಿಲೆಯ ಹೆಸರು ಬರೆದಿದೆ ಎಂದು ನನಗೆ ತಿಳಿದದ್ದು ಆಮೇಲೆ. ಒಳಗಿನ ಫಲಕಗಳೆಲ್ಲ ಇಂಗ್ಲಿಷು. ಕೂಡಿಸಿಕೊಂಡು ಓದಿದೆ, ಅರ್ಥ ಗೊತ್ತಿರಲಿಲ್ಲ.

ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಒಬ್ಬಳು ಮುದುಕಿ ಕೂತಿದ್ದಳು. ಮಾರಕ್ಕ ಎಂದು ಹೆಸರು, ಪೆನ್ನಾಗರದ ಕಡೆಯ ಕುರಿ ಸಾಕುವವರು. ಮೊಮ್ಮಗಳ ಜೊತೆ ಕನ್ನಡದಲ್ಲಿ ಜಗಳವಾಡುತ್ತಿದ್ದಳು, ಹಾಗಾಗಿ ಮಾತಿಗೆ ಸಿಕ್ಕಳು. ಯಜಮಾನರು ಟೋಕನ್ ತರಲು ಹೋಗಿದ್ದರು.

"ನಂಗೆ ಗಂಟ್ಲಾಗೆ ಕ್ಯಾನ್ಸರ್ ಐತೆ ಕಣವ್ವ. ನಿಂಗೆ ಯಾವ್ ಕಡೆ?" ಎಂದು ಕೇಳಿದಳು, ನಿಮ್ಮೂರು ಯಾವುದು ಎಂದು ಕೇಳುವ ಹಾಗೆ.

"ನಂಗೆ ಅದೆಲ್ಲ ಇಲ್ಲ ಅಜ್ಜಿ. ಬರೀ ಗಡ್ಡೆ. ತೆಗೆದ್ರು" ಎಂದು ಪಿಸುಗುಟ್ಟಿದೆ.

ಅವಳು ನನ್ನ ಕತ್ತಿನ ಗೆರೆ ನೋಡಿದಳು. ಮುಖ ನೋಡಿದಳು. "ಯಾರ್ ಯೇಳಿದ್ರು ಬರೀ ಗಡ್ಡೆ ಅಂತ?"

"ನಮ್ಮ ಯಜಮಾನ್ರು."

"ನೀನ್ ಕೇಳ್ನಿಲ್ವಾ ಡಾಕುಟ್ರ?"

"ದನಿ ಇಲ್ವಲ್ಲ."

ಮಾರಕ್ಕ ಬಾಯೊಳಗಿನ ಅಡಿಕೆಯನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಸರಿಸಿದಳು. "ಈ ಬೆಂಚ್ನಾಗೆ ಬ್ಯಾರೆ ಕಾಯ್ಲೆಯೋರು ಕುಂತ್ಕಣಲ್ಲ ಕಣ್ ತಾಯಿ" ಎಂದಳು. ಅಷ್ಟರಲ್ಲಿ ಯಜಮಾನರು ಬಂದು, ಅಲ್ಲಿ ಫ್ಯಾನ್ ಇದೆ ಎಂದು ನನ್ನನ್ನು ಎಬ್ಬಿಸಿ ಬೇರೆ ಸಾಲಿಗೆ ಕರೆದುಕೊಂಡು ಹೋದರು. ಹಳ್ಳಿಯ ಮುದುಕಿ, ತನಗಿರುವುದೇ ಎಲ್ಲರಿಗೂ ಇದೆ ಎಂದುಕೊಂಡಿದ್ದಾಳೆ ಎಂದು ನಾನು ಮರೆತೆ. ಪೂರ್ತಿ ಮರೆತೆ ಎಂದರೆ ಸುಳ್ಳು.

ಆಪರೇಷನ್ ಆದಾಗಿನಿಂದ ದಿನಾ ನುಂಗುತ್ತಿದ್ದ ಥೈರಾಯ್ಡ್ ಮಾತ್ರೆಯನ್ನು ಆ ಔಷಧಿಗೆ ಮುಂಚೆ ಕೆಲವು ವಾರ ನಿಲ್ಲಿಸಬೇಕು. ನಿಲ್ಲಿಸಿದರೆ ದೇಹ ಗೋಣಿಚೀಲ. ಮುಖ ಊದಿತು, ಬೇಸಿಗೆಯಲ್ಲೂ ಚಳಿ, ಕೂತಲ್ಲೇ ತೂಕಡಿಕೆ. ಅಯೋಡಿನ್ ಸೇರಿಸಿದ ಅಂಗಡಿಯ ಉಪ್ಪು ಬೇಡ, ಮೊಟ್ಟೆ ಮೀನು ಬೇಡ ಎಂದರು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಎಂದು ಕಾರಿಮಂಗಲಂಗೆ ಅಕ್ಕನ ಮನೆಗೆ ಕಳಿಸಿದರು. ಮಗ್ಗದ ಮೇಲೆ ಅರ್ಧ ನೇಯ್ದ ಪಂಚೆ ಹಾಗೇ ಇತ್ತು. ಧೂಳು ಕೂರದಂತೆ ಹಳೆಯ ಸೀರೆ ಹೊದಿಸಿ ಬಂದೆ.

ನನ್ನ ಅಕ್ಕ ಬೈಯದೆ ಒಂದು ತುತ್ತು ಬಡಿಸಿದವಳಲ್ಲ. ಆ ವಾರಗಳಲ್ಲಿ ಒಮ್ಮೆಯೂ ಬೈಯಲಿಲ್ಲ. ನಾನು ತಟ್ಟೆಯಲ್ಲಿ ಅನ್ನ ಬಿಟ್ಟರೂ ಬೈಯಲಿಲ್ಲ, ಅವಳ ಹೊಸ ಸೆರಗಿನ ಮೇಲೆ ಗಂಜಿ ಚೆಲ್ಲಿದರೂ ಬೈಯಲಿಲ್ಲ. "ಸಾಕಾ ಚಿನ್ನ? ಇನ್ನೊಸಿ ಇಕ್ಲಾ?" ಎನ್ನುತ್ತಿದ್ದಳು. ನಲವತ್ತು ದಾಟಿದ ನನ್ನನ್ನು ಚಿನ್ನ ಎಂದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಹಿತ್ತಲಿಗೆ ಹೋಗಿ ಕಣ್ಣು ಒರೆಸಿಕೊಂಡು ಬರುತ್ತಿದ್ದಳು. ಏನಕ್ಕಾ ಎಂದರೆ ಹೊಗೆ ಎನ್ನುತ್ತಿದ್ದಳು. ಅವಳ ಮನೆಯಲ್ಲಿ ಇರುವುದು ಗ್ಯಾಸ್ ಒಲೆ.

ಅಲ್ಲಿ ಜಗಲಿಯ ಮೇಲೆ ಮಲಗಿ, ಬುದ್ಧನಾಗುವ ಮುಂಚಿನ ರಾಜಕುಮಾರನ ಪಾಠ ನೋಡಿದೆ. ಕಲ್ಲಿನ ಪಟ್ಟಿಯಲ್ಲಿ ಅರಮನೆ, ತೋಟ, ಕುಣಿಯುವ ಹೆಂಗಸರು. ಮಗ ಬೇಸರಪಟ್ಟು ಮನೆ ಬಿಟ್ಟು ಹೋಗಬಾರದೆಂದು ತಂದೆ ಅವನ ಕಣ್ಣಿಗೆ ಮುದುಕರು, ರೋಗಿಗಳು ಬೀಳದಂತೆ ಬೀದಿಯಿಂದ ಎಲ್ಲರನ್ನೂ ದೂರ ಮಾಡಿಸುತ್ತಾನೆ. ಆದರೂ ಒಂದು ದಿನ ರಥದ ಎದುರು ಒಬ್ಬ ರೋಗಿ ಬರುತ್ತಾನೆ. ಇದೇನು ಎಂದು ರಾಜಕುಮಾರ ಕೇಳಿದರೆ, ಇದು ಕಾಯಿಲೆ, ಇದು ಯಾರಿಗೆ ಬೇಕಾದರೂ ಬರುತ್ತದೆ ಎಂದು ಸಾರಥಿ ಹೇಳಿಬಿಡುತ್ತಾನೆ. ಅವತ್ತು ನನಗೆ ಸಿಟ್ಟು ಬಂದದ್ದು ಸಾರಥಿಯ ಮೇಲೆ. ಪಾಪ, ಆ ತಂದೆಗೆ ಎಷ್ಟು ಪ್ರೀತಿ ಎಂದು ಅಕ್ಕನಿಗೆ ಹೇಳಿದೆ. ಅಕ್ಕ ಒಳಗೆ ಎದ್ದು ಹೋದಳು.

ಔಷಧಿ ಕುಡಿಯುವ ದಿನ ಬಂತು. ಸೀಸದ ಡಬ್ಬಿಯಿಂದ ತೆಗೆದು ದೂರದಿಂದಲೇ ನನ್ನ ಕಡೆ ಸರಿಸಿದರು. ಕುಡಿದ ಮೇಲೆ ಒಂದು ಕೋಣೆಯಲ್ಲಿ ಒಬ್ಬಳೇ ಇರಬೇಕು, ಯಾರೂ ಹತ್ತಿರ ಬರುವಂತಿಲ್ಲ. ಮೈಯಿಂದ ಹೊರಡುವ ಕಿರಣ ಬೇರೆಯವರಿಗೆ ತಾಗಬಾರದು. ಊಟ ಬಾಗಿಲ ಹೊರಗೆ ಇಟ್ಟು ಬಡಿದು ಹೋಗುತ್ತಿದ್ದರು. ಫೋನಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಕೊಟ್ಟಿದ್ದರು. ಜೊಲ್ಲಿನ ಗ್ರಂಥಿ ಕೆಡದಿರಲಿ ಎಂದು ಹುಳಿ ಮಿಠಾಯಿ ಚೀಪಬೇಕಿತ್ತು. ನೆಲ ಒರೆಸುವ ಒಬ್ಬ ಹೆಂಗಸು ಬಾಗಿಲಿನ ಆಚೆಯಿಂದ ದಿನಾ ಕೇಳುತ್ತಿದ್ದಳು: "ಅಕ್ಕಾ, ಮಿಠಾಯಿ ಇರುಕ್ಕಾ?" ಇದೆ ಎಂದು ನಾನು ಬಾಗಿಲು ತಟ್ಟುತ್ತಿದ್ದೆ. ಅವಳ ಮುಖ ಕೊನೆಗೂ ನೋಡಲಿಲ್ಲ. ಆ ಕೋಣೆಯಲ್ಲಿ ನನ್ನನ್ನು ಅಳದಂತೆ ಇಟ್ಟದ್ದು ಆ ಒಂದು ಪ್ರಶ್ನೆ.

ಪ್ಲಾಸ್ಟಿಕ್ಕಿನ ಮಸುಕಿನಲ್ಲೇ ಚೀನಾದ ಗುಹೆಯ ಒಂದು ಗೋಡೆಚಿತ್ರ ನೋಡಿದೆ. ಒಬ್ಬ ಗೃಹಸ್ಥ ಕಾಯಿಲೆ ಬಿದ್ದಿದ್ದಾನೆ. ಮಂಚದ ಮೇಲೆ ಮೇಲಾವರಣದ ಕೆಳಗೆ ಕೂತು, ಕೈಯಲ್ಲಿ ಬೀಸಣಿಗೆ ಹಿಡಿದು ಮುಂದಕ್ಕೆ ಬಾಗಿದ್ದಾನೆ. ಅವನನ್ನು ನೋಡಲು ಜ್ಞಾನಿಗಳು, ದೇವತೆಗಳು, ರಾಜರು ಗುಂಪುಗುಂಪಾಗಿ ಬಂದಿದ್ದಾರೆ. ಬಂದವರು ಅವನ ಎದುರಿಗೆ ಕೂತು ಕಾಯಿಲೆಯ ಬಗ್ಗೆಯೇ ಮಾತಾಡುತ್ತಿದ್ದಾರೆ: ಇದು ಎಲ್ಲಿಂದ ಬಂತು, ಹೇಗೆ ಹೋಗುತ್ತದೆ. ಅವನೂ ಬಿಡದೆ ವಾದ ಮಾಡುತ್ತಿದ್ದಾನೆ. ನನಗೆ ಅವನನ್ನು ಕಂಡು ಹೊಟ್ಟೆಕಿಚ್ಚಾಯಿತು. ಯಾಕೆ ಎಂದು ಆಗ ತಿಳಿಯಲಿಲ್ಲ. ಮಾರಕ್ಕನ ಮಾತು ನೆನಪಿಗೆ ಬಂತು, ಇನ್ನೊಂದು ಮಿಠಾಯಿ ಬಾಯಿಗೆ ಹಾಕಿಕೊಂಡೆ.

ಬಿಡುಗಡೆಯಾಗಿ ಸೇಲಂಗೆ ಬಂದೆ. ಇನ್ನೂ ಕೆಲವು ದಿನ ಎಲ್ಲರಿಂದ ದೂರ ಇರಬೇಕು ಎಂದಿದ್ದರು. ನಮ್ಮ ಮನೆಯ ಮುಂದಿನ ಕೋಣೆಯೇ ಮಗ್ಗದ ಕೋಣೆ, ಅಲ್ಲೇ ನನಗೆ ಹಾಸಿಗೆ ಎಂದುಕೊಂಡು ಒಳಗೆ ಕಾಲಿಟ್ಟೆ.

ಮಗ್ಗ ಇರಲಿಲ್ಲ. ಗುಂಡಿಯೂ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಹೊಸ ಟೈಲ್ಸ್, ಹೂವಿನ ಚಿತ್ರದ್ದು. ಅದರ ಮೇಲೆ ಒಂದು ಮಂಚ.

ನಮ್ಮ ಬೀದಿಯಲ್ಲಿ ಮಗ್ಗದ ಗುಂಡಿ ಮುಚ್ಚುವುದು ನೇಯುವವರು ಸತ್ತಾಗ, ಅವರ ನಂತರ ಕೂರುವವರು ಯಾರೂ ಇಲ್ಲದಿದ್ದಾಗ. ಎದುರು ಮನೆಯ ಅಜ್ಜ ಹೋದಾಗ ತಿಥಿಯಾದ ಮಾರನೆಯ ದಿನ ಮರಳು ತಂದು ತುಂಬಿದ್ದನ್ನು ನಾನೇ ನಿಂತು ನೋಡಿದ್ದೆ. ಬದುಕಿರುವವರ ಗುಂಡಿಯನ್ನು ಯಾರೂ ಮುಟ್ಟುವುದಿಲ್ಲ.

ಯಜಮಾನರು ಹೊಸ್ತಿಲ ಆಚೆ ನಿಂತಿದ್ದರು. ಹತ್ತಿರ ಬರುವಂತಿರಲಿಲ್ಲ. ನಾನು ಆ ಕಡೆಯ ಗೋಡೆಗೆ ಒರಗಿಕೊಂಡೆ. ದನಿ ಅಷ್ಟರಲ್ಲಿ ಅರ್ಧ ಬಂದಿತ್ತು, ಒಡೆದ ದನಿ.

"ಯಾರ್ ಸತ್ತಿದ್ದು?" ಎಂದು ಕೇಳಿದೆ.

"ಯಾಕ್ ಅಂಗಂತೀಯ? ನೆಲ ಸರಿ ಮಾಡಿಸ್ದೆ ಅಷ್ಟೆ. ಇನ್ಮ್ಯಾಕೆ ನಿಂಗೆ ರೆಸ್ಟ್ ಬೇಕಲ್ಲ."

"ಹಾಸು ಎಲ್ಲಿ?"

"ಮೇಸ್ತ್ರಿಗೆ ವಾಪಸ್ ಕೊಟ್ಬುಟ್ಟೆ."

"ಅರ್ಧ ನೇಯ್ದಿದ್ದ ಹಾಸ್ನ ಕೊಯ್ದು ಕೊಟ್ರಾ?"

ಅಡುಗೆಮನೆಯ ಬಾಗಿಲಲ್ಲಿ ನಂದಿನಿ ನಿಂತಿದ್ದಳು. "ಸೊಲ್ಲಿಡುಂಗಪ್ಪಾ, ಪೋದುಂ" ಎಂದಳು, ಹೇಳಿಬಿಡಪ್ಪಾ, ಸಾಕು ಎಂದು. ಮನಸ್ಸು ಕದಡಿದಾಗ ಅವಳ ಬಾಯಿಗೆ ತಮಿಳೇ ಬರುವುದು.

ಅವರು ಹೊಸ್ತಿಲ ಮೇಲೆ ಕುಸಿದು ಕೂತರು. "ಕ್ಯಾನ್ಸರ್ ಅಂದ್ರು. ಆ ಮಾತ್ ಕೇಳಿದ್ಮ್ಯಾಕೆ ನಂಗೆ ಬ್ಯಾರೆ ಏನೂ ಕಿವಿಗ್ ಬೀಳ್ನಿಲ್ಲ. ನೀನ್ ತಡ್ಕಣಲ್ಲ ಅನ್ನಿಸ್ತು. ಜೋಸ್ಯದೋರು ಅಂದ್ರು, ಉಷಾರಿಲ್ದೋರ್ ಇರೋ ಮನ್ಯಾಗೆ ತೆರೆದ್ ಗುಂಡಿ ಇರ್ಬಾರ್ದು, ಅದು ಆಳ್ ಕೇಳ್ತೈತೆ ಅಂತ. ನೀನ್ ಅದ್ರಾಗೆ ಇಳೀಬಾರ್ದು ಅಂತ ಮುಚ್ಚಿಸ್ಬುಟ್ಟೆ. ನೀನು ಬದ್ಕಲಿ ಅಂತ ಮಾಡ್ದೆ."

ಅವರು ಅಳುತ್ತಿದ್ದರು. ಸುಳ್ಳು ಅಳು ಅಲ್ಲ, ಅದು ನನಗೆ ಗೊತ್ತು. ಆದರೂ ಕರುಣೆ ಬರಲಿಲ್ಲ. ನಾನು ಬದುಕಲಿ ಎಂದು ನನ್ನನ್ನು ಮೊದಲೇ ಸಾಯಿಸಿ ಟೈಲ್ಸ್ ಹಾಕಿದ್ದರು.

"ಡಾಕ್ಟ್ರು ಏನಂದ್ರು? ಸಾಯ್ತೀನಿ ಅಂದ್ರಾ?"

ಉತ್ತರ ಕೊಟ್ಟವಳು ನಂದಿನಿ. "ಇಲ್ಲಮ್ಮಾ. ಗುಣ ಆಗೋ ಜಾತಿದು ಅಂತ ಮೊದಲ್ನೇ ದಿನವೇ ಹೇಳಿದ್ರಂತೆ. ನಾನು ಆಮೇಲೆ ಹೋಗಿ ಕೇಳಿದೆ. ಅಪ್ಪ ನಂಬಲ್ಲ."

"ನಿಂಗೂ ಗೊತ್ತಿತ್ತು."

ಅವಳು ತಲೆ ತಗ್ಗಿಸಿದಳು. ಆಮೇಲೆ ಎಲ್ಲವನ್ನೂ ಒಟ್ಟಿಗೆ ಇಳಿಸಿಬಿಡುವವಳ ಹಾಗೆ ಹೇಳಿದಳು: "ಆ ಫೋನ್ ಕೂಡಾ ಅದಕ್ಕೇ ಅಮ್ಮಾ. ನೀನು ಏನಾದ್ರೂ ಹುಡುಕಿ ನೋಡಿ ಬೆದರ್ಕೊಂಡ್ರೆ ಅಂತ ಸಣ್ ಮಕ್ಕಳ ಫೋನ್ ಥರ ಲಾಕ್ ಮಾಡಿ ಕೊಟ್ಟೆ. ನಾನು ಬಿಟ್ಟಿದ್ದು ಮಾತ್ರ ಬರೋ ಹಂಗೆ. ಬುದ್ಧನ ಪಾಠ ನಾನೇ ಹುಡುಕಿ ಸೇರಿಸಿದ್ದು. ನೋಡ್ತಾ ಇದ್ರೆ ಮನಸ್ಸು ಸಾಂತವಾಗಿರ್ತದೆ ಅಂತ."

ನಿಜ ಹೇಳುತ್ತೇನೆ, ಕ್ಯಾನ್ಸರ್ ಎಂಬ ಮಾತಿಗಿಂತ, ಮುಚ್ಚಿದ ಗುಂಡಿಗಿಂತ ನನಗೆ ಹೆಚ್ಚು ಪೆಟ್ಟು ಕೊಟ್ಟದ್ದು ಇದು. ಮನೆ, ಗಂಡ, ಮಗ್ಗ ಎಲ್ಲವೂ ನನಗೆ ಬೇರೆಯವರು ಆರಿಸಿ ಕೊಟ್ಟದ್ದು. ಆ ಖಾಲಿ ಪೀಠ, ಆ ಗುಹೆಗಳು, ಆ ಸುರುಳಿಗಳನ್ನು ಮಾತ್ರ ನಾನೇ ಕಂಡುಕೊಂಡೆ ಎಂದು ಒಳಗೊಳಗೇ ಹೆಮ್ಮೆಪಟ್ಟಿದ್ದೆ. ನಾನು ಉಸಿರು ಕಟ್ಟಿಕೊಂಡು ವರ್ಣಿಸುವಾಗ ಇವಳು ಕಾಲು ಒತ್ತುತ್ತಾ ಹೂಂಗುಟ್ಟುತ್ತಿದ್ದಳು, ಬೀಗ ಸರಿಯಾಗಿ ಬಿದ್ದಿದೆಯೇ ಎಂದು ನೋಡುತ್ತಿದ್ದಳು. ಆ ರಾಜಕುಮಾರನ ಹಾಗೆ ನನ್ನನ್ನೂ ತೋಟದಲ್ಲಿ ಕೂಡಿಹಾಕಿ ಬೀದಿ ಖಾಲಿ ಮಾಡಿಸಿದ್ದರು. ಫೋನನ್ನು ಮಂಚದ ಮೇಲೆ ಇಟ್ಟು ಗೋಡೆಯ ಕಡೆ ತಿರುಗಿ ಮಲಗಿದೆ. ಹತ್ತಿರ ಬಂದು ಸಮಾಧಾನ ಮಾಡಲು ಅವರಿಬ್ಬರಿಗೂ ಅವಕಾಶವಿರಲಿಲ್ಲ, ಅದೊಂದು ಒಳ್ಳೆಯದಾಯಿತು.

ಅಕ್ಕನಿಗೆ ಫೋನ್ ಮಾಡಿ ಬಾಯಿಗೆ ಬಂದದ್ದು ಅಂದೆ. ಅವಳು ಸುಮ್ಮನೆ ಕೇಳಿ, "ನಿನ್ ಗಂಡ ದೇವ್ರ್ ಮ್ಯಾಲೆ ಆಣೆ ಇಕ್ಸ್ಕಂಡಿದ್ದ, ನಾನೇನ್ಲೇ ಮಾಡ್ಲಿ?" ಎಂದಳು. ಲೇ ಎಂದು ಬೈದ ದನಿ ಬಹಳ ದಿನಗಳ ಮೇಲೆ ಕೇಳಿ ಅತ್ತುಬಿಟ್ಟೆ.

ಬೀಗ ತೆಗೆದ ಫೋನು ಬಂತು. ಕಾಯಿಲೆಯ ವಿಡಿಯೋಗಳನ್ನು ನೋಡಿದೆ. ಹೆದರಿಕೆಯಾಯಿತು, ನಿದ್ದೆ ಹೋಯಿತು. ಆದರೆ ಅದು ನನ್ನ ಹೆದರಿಕೆ. ಕಾಯಿಲೆ ಬಂದವರಿಗೆ ಹೆದರುವ ಹಕ್ಕಾದರೂ ಬೇಡವೇ? ಅದನ್ನೂ ನನ್ನ ಪರವಾಗಿ ಅವರೇ ಅನುಭವಿಸಿ ಮುಗಿಸಿದ್ದರು. ಟೀಚರಮ್ಮನ ದನಿ ಕೇಳಲು ಬಹಳ ದಿನ ಮನಸ್ಸು ಬರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ರಾಜಕುಮಾರನ ಪಾಠವನ್ನೇ ಮತ್ತೆ ಹಾಕಿದೆ. ಈ ಸಲ ತಂದೆಯ ಮುಖ ನೋಡಲು ಇಷ್ಟವಾಗಲಿಲ್ಲ. ಸಾರಥಿ ಕುದುರೆಯ ಹಗ್ಗ ಹಿಡಿದು, ಸ್ವಲ್ಪ ತಿರುಗಿ, ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಾನೆ. ಆ ಜಾಗದಲ್ಲಿ ನಿಲ್ಲಿಸಿ ಬಹಳ ಹೊತ್ತು ನೋಡಿದೆ. ಪಾಠಗಳನ್ನು ಬಿಡಲಾಗಲಿಲ್ಲ. ಯಾರು ಕೊಟ್ಟರೂ ನೋಡಿದವಳು ನಾನು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಕೆಲವು ದಿನ ಅದನ್ನು ನಂಬುತ್ತೇನೆ, ಕೆಲವು ದಿನ ಇಲ್ಲ.

ಟೈಲ್ಸ್ ಒಡೆಸಿದೆ. ಯಜಮಾನರೇ ಹಾರೆ ಹಿಡಿದು ಅಗೆದರು, ನಾನು ಬೇಡ ಎನ್ನಲಿಲ್ಲ. ಬಿಚ್ಚಿಟ್ಟಿದ್ದ ಮಗ್ಗ ಹೂಡಿ ಈಗ ಮತ್ತೆ ನೇಯುತ್ತೇನೆ, ಮೊದಲಿನಷ್ಟಲ್ಲ. ಮನೆಯಲ್ಲಿ ಎಲ್ಲರೂ ಮಾತಾಡುತ್ತೇವೆ, ನಗುತ್ತೇವೆ. ಆದರೆ ಯಾರಾದರೂ ಏನೂ ಇಲ್ಲ ಎಂದರೆ ನನ್ನ ಕೈ ಲಾಳಿ ಬಿಡುತ್ತದೆ, ಎದ್ದು ಹೋಗಿ ನೋಡಿ ಬರುತ್ತೇನೆ. ಹಾಲು ಉಕ್ಕಿದ್ದಕ್ಕೂ ಹಾಗೇ.

ಮೊನ್ನೆ ತಪಾಸಣೆಗೆ ಹೋಗಿದ್ದೆವು. ಮುಂಬಾಗಿಲಿನಿಂದ ಹೋದೆ, ತಮಿಳು ಫಲಕವನ್ನು ನಿಂತು ಪೂರ್ತಿ ಓದಿದೆ. ಬೆಂಚಿನ ಮೇಲೆ ಮಾರಕ್ಕ ಕಾಣಲಿಲ್ಲ. ನನ್ನ ಹೆಸರು ಕೂಗಿದಾಗ ಯಜಮಾನರಿಗಿಂತ ಮೊದಲು ನಾನು ಒಳಗೆ ಹೋಗಿ ಡಾಕ್ಟರ ಎದುರಿನ ಕುರ್ಚಿಯಲ್ಲಿ ಕೂತೆ. ಅವರು ಹಿಂದೆ ಬಂದು ನಿಂತರು.

ಡಾಕ್ಟರು ಒಳ್ಳೆಯ ಮನುಷ್ಯ. ರಕ್ತದ ಪರೀಕ್ಷೆ, ಸ್ಕ್ಯಾನು ಎಲ್ಲ ನೋಡಿ, ಎಲ್ಲೂ ಏನೂ ಉಳಿದಿಲ್ಲ, ಮಾತ್ರೆ ಮಾತ್ರ ಬಿಡಬೇಡಿ ಎಂದರು. ಫೈಲನ್ನು ತಾವೇ ತೆರೆದು ನನಗೆ ತೋರಿಸಿದರು. ಬೇರೆ ಏನಾದರೂ ಕೇಳಬೇಕಾ ಅಮ್ಮಾ ಎಂದು ತಮಿಳಿನಲ್ಲಿ ಕೇಳಿದರು.

ನನ್ನ ಒಡೆದ ದನಿಯಲ್ಲಿ ಕೇಳಿದೆ: "ಇದು ಮತ್ತೆ ಬಂದರೆ ಮೊದಲು ಯಾರಿಗೆ ಹೇಳುತ್ತೀರಿ?"

ಅವರು ತಲೆ ಎತ್ತಿದರು. ನಿಮಗೇ ಹೇಳುತ್ತೇನೆ ಎಂದರು. ಹಾಗೆ ಹೇಳುವ ಮುಂಚೆ ಮಾತ್ರ ಒಂದು ಸಲ ನನ್ನ ಹಿಂದೆ ನಿಂತಿದ್ದ ಯಜಮಾನರ ಮುಖ ನೋಡಿದರು.